ಹಾರ್ಡ್ ಡಿಸ್ಕ್ ಬದಲಾವಣೆ ಮತ್ತು ಸಂಗ್ರಹ ವಿಸ್ತರಣೆ

ಹಾರ್ಡ್ ಡಿಸ್ಕ್ ಬದಲಾವಣೆ: ಗಣಕದಲ್ಲಿ ಕೆಡತೊಡಗಿದ ಸಂಗ್ರಹ ಸಾಧನದಿಂದ ಮಾಹಿತಿಯನ್ನು ಹೊರತೆಗೆದು ಉಳಿಸಿಕೊಂಡು, ಅದರ ಜಾಗದಲ್ಲಿ ಹೊಸದನ್ನು ಕೂರಿಸಿ, ಗಣಕವನ್ನು ಮತ್ತೆ ನಡೆಯುವಂತೆ ಮಾಡುವ ಕೆಲಸ. ಬಹಳ ಸಲ ಇದರ ಜೊತೆಗೇ ಸಂಗ್ರಹದ ಗಾತ್ರವನ್ನೋ ವೇಗವನ್ನೋ ಹೆಚ್ಚಿಸಿಕೊಳ್ಳುವುದೂ ನಡೆಯುತ್ತದೆ. ತಿರುಗುವ ತಟ್ಟೆಯ ಡಿಸ್ಕ್ ತೆಗೆದು, ಫ್ಲ್ಯಾಶ್ ಮೆಮೊರಿ ಚಿಪ್ಪುಗಳಲ್ಲಿ ಮಾಹಿತಿ ಹಿಡಿಯುವ ಎಸ್‌ಎಸ್‌ಡಿ ಹಾಕಿಸುವುದು ಇದರ ಸಾಮಾನ್ಯ ರೂಪ. ಮದರ್‌ಬೋರ್ಡ್, ಮೆಮೊರಿ, ಪವರ್ ಸಪ್ಲೈ ಯಾವುದು ಕೆಟ್ಟರೂ ಹಣ ಕೊಟ್ಟರೆ ಅಂಥದೇ ಇನ್ನೊಂದು ಸಿಗುತ್ತದೆ. ಹೊಸ ಡಿಸ್ಕ್ ಮಾತ್ರ ಖಾಲಿಯಾಗಿ ಬರುತ್ತದೆ; ಮದುವೆಯ ಫೋಟೊ, ಪಿಎಚ್‌ಡಿ ಪ್ರಬಂಧದ ಕರಡು, ಅಂಗಡಿಯ ಐದಾರು ವರ್ಷದ ಲೆಕ್ಕ ಎಲ್ಲವೂ ಹಳೆಯದರಲ್ಲೇ ಉಳಿದಿರುತ್ತವೆ. ಆದ್ದರಿಂದ ಇಲ್ಲಿ ಸ್ಕ್ರೂ ಬಿಚ್ಚಿ ಕಟ್ಟುವುದು ಸಣ್ಣ ಕೆಲಸ, ಕ್ರಮ ತಪ್ಪದಿರುವುದು ದೊಡ್ಡ ಕೆಲಸ. ಮೊದಲು ನಕಲು, ಆಮೇಲೆ ತಪಾಸಣೆ, ಕೊನೆಗೆ ಬದಲಾವಣೆ. ಉಳಿಸಿಕೊಳ್ಳಬಹುದಾಗಿದ್ದ ಮಾಹಿತಿ ಕೈತಪ್ಪುವುದು ಈ ಕ್ರಮ ಹಿಂದುಮುಂದಾದಾಗಲೇ.

ಹಿನ್ನೆಲೆ

ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ, ಐಬಿಎಂ ಸಂಸ್ಥೆಯ ರೇಮ್ಯಾಕ್ 305 ಗಣಕದ ಜೊತೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಅವರ ತಂಡ ರೂಪಿಸಿದ ಆ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು, ಇಂದಿನ ಲೆಕ್ಕದಲ್ಲಿ ಸುಮಾರು 3.75 ಮೆಗಾಬೈಟ್; ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೊಕ್ಕೆ ಅಷ್ಟು ಜಾಗ ಬೇಕಾಗುತ್ತದೆ. 1973ರಲ್ಲಿ ಅದೇ ಸಂಸ್ಥೆ ತಂದ 3340 ಮಾದರಿ ‘ವಿಂಚೆಸ್ಟರ್’ ಎಂದು ಹೆಸರಾಯಿತು. ತಟ್ಟೆಗಳನ್ನೂ ಅವುಗಳ ಮೇಲೆ ಆಡುವ ಹೆಡ್‌ಗಳನ್ನೂ ಒಂದೇ ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟದ್ದು ಅದರ ವಿಶೇಷ. ಇಂದಿನ ಹಾರ್ಡ್ ಡಿಸ್ಕುಗಳೆಲ್ಲ ಆ ಏರ್ಪಾಟಿನ ವಂಶದವೇ. 1980ರಲ್ಲಿ ಸೀಗೇಟ್ ಸಂಸ್ಥೆಯ ಎಸ್‌ಟಿ-506 ಬಂದು 5 ಮೆಗಾಬೈಟಿನ ಡಿಸ್ಕ್ ಮೇಜಿನ ಮೇಲಿನ ಗಣಕದೊಳಗೆ ಕೂರುವಂತಾಯಿತು.

ಅಲ್ಲಿಂದ ಮುಂದಿನ ಜಿಗಿತಕ್ಕೆ ಭೌತವಿಜ್ಞಾನ ನೆರವಾಯಿತು. ಕಾಂತಕ್ಷೇತ್ರದ ಸಣ್ಣ ವ್ಯತ್ಯಾಸಕ್ಕೂ ತೆಳುಪದರಗಳ ವಿದ್ಯುತ್ ರೋಧ ಬಹಳವಾಗಿ ಬದಲಾಗುವ ವಿದ್ಯಮಾನವನ್ನು 1988ರಲ್ಲಿ ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರೂನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡರು. ಅದನ್ನು ಬಳಸಿದ ಹೆಡ್‌ಗಳು 1997ರಲ್ಲಿ ಮಾರುಕಟ್ಟೆಗೆ ಬಂದವು. 2007ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಸಿಕ್ಕಿತು. ಫ್ಲ್ಯಾಶ್ ಮೆಮೊರಿಯ ಕಥೆ ಜಪಾನಿನದು. ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಅದನ್ನು ರೂಪಿಸಿದರು. ಇಂದಿನ ಎಸ್‌ಎಸ್‌ಡಿ, ಪೆನ್‌ಡ್ರೈವ್, ಫೋನುಗಳಲ್ಲಿ ಇರುವುದು ಅದರ ನ್ಯಾಂಡ್ ಎಂಬ ಬಗೆ.

ಒಂದು ಕಾಲದಲ್ಲಿ ಹಾರ್ಡ್ ಡಿಸ್ಕ್ ತಯಾರಿಸುವ ಕಂಪನಿಗಳು ಹತ್ತಾರು ಇದ್ದವು. ಈಗ ಉಳಿದಿರುವುದು ಮೂರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ತಯಾರಿಕೆಯೂ ಕೆಲವೇ ದೇಶಗಳಲ್ಲಿ ಕೇಂದ್ರೀಕೃತವಾಗಿದೆ. 2011ರಲ್ಲಿ ಥಾಯ್ಲೆಂಡಿನ ನೆರೆ ಅಲ್ಲಿನ ಕಾರ್ಖಾನೆಗಳನ್ನು ಮುಳುಗಿಸಿದಾಗ ಜಗತ್ತಿನೆಲ್ಲೆಡೆ ಡಿಸ್ಕಿನ ಬೆಲೆ ಜಿಗಿಯಿತು.

ಕೆಡುವ ಬಗೆ

ಹಾರ್ಡ್ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ, ಬರೆಯುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವಿಕೆಯಿಂದ ಹುಟ್ಟುವ ಗಾಳಿಯ ಪದರದ ಮೇಲೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್ ಎಂಬುದನ್ನು ನೆನೆದರೆ ಈ ಅಂತರ ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ. ಓಡುತ್ತಿರುವಾಗ ಲ್ಯಾಪ್‌ಟಾಪ್ ಕೈಜಾರಿದರೆ ಹೆಡ್ ತಟ್ಟೆಗೆ ಬಡಿದು ಅದರ ಕಾಂತೀಯ ಲೇಪವನ್ನು ಕೆರೆಯಬಹುದು. ಕೆರೆದಾಗ ಏಳುವ ಪುಡಿ ಮತ್ತಷ್ಟು ಕಡೆ ಕೆರೆಯುತ್ತದೆ. ಹೀಗೆ ಹಾನಿಗೊಂಡ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿದರೆ ಪ್ರತಿ ಸಲವೂ ಇನ್ನಷ್ಟು ಮಾಹಿತಿ ಅಳಿದುಹೋಗುತ್ತದೆ. ಬೇರಿಂಗ್ ಸವೆತ, ಮೋಟರಿನ ದೋಷ, ಏರಿಳಿಯುವ ವೋಲ್ಟೇಜಿನಿಂದ ಸರ್ಕ್ಯೂಟ್ ಬೋರ್ಡ್ ಸುಡುವುದು, ಡಿಸ್ಕಿನೊಳಗಿನ ಫರ್ಮ್‌ವೇರ್ ಹಾಳಾಗುವುದು ಇತರ ಕಾರಣಗಳು.

ಎಷ್ಟೋ ಡಿಸ್ಕುಗಳು ಹೀಗೆ ಒಮ್ಮೆಲೇ ಹೋಗುವುದಿಲ್ಲ, ನಿಧಾನವಾಗಿ ಹೋಗುತ್ತವೆ. ತಟ್ಟೆಯ ಮೇಲೆ ಮಾಹಿತಿ ಬರೆಯುವ ಸಣ್ಣ ತುಂಡುಗಳಾದ ಸೆಕ್ಟರುಗಳು ಒಂದೊಂದಾಗಿ ಓದಲಾಗದಂತಾಗುತ್ತವೆ. ಪ್ರತಿ ಡಿಸ್ಕಿನಲ್ಲೂ ಇಂಥ ಸಂದರ್ಭಕ್ಕೆಂದೇ ಮೀಸಲು ಸೆಕ್ಟರುಗಳಿರುತ್ತವೆ. ಕೆಟ್ಟ ಸೆಕ್ಟರಿನ ಬದಲು ಮೀಸಲಿನದನ್ನು ಡಿಸ್ಕ್ ತಾನೇ ಸದ್ದಿಲ್ಲದೆ ಬಳಕೆಗೆ ತರುತ್ತದೆ. ಮೀಸಲು ಸಾಲುವವರೆಗೆ ಬಳಸುವವರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಬಿದ್ದರೂ ಸಾಮಾನ್ಯವಾಗಿ ಕೆಡುವುದಿಲ್ಲ. ಆದರೆ ಫ್ಲ್ಯಾಶ್ ಕೋಶಗಳು ಬರೆದು ಅಳಿಸಿದಷ್ಟೂ ಸವೆಯುತ್ತವೆ. ಒಂದು ಟೆರಾಬೈಟಿನ ಸಾಧಾರಣ ಎಸ್‌ಎಸ್‌ಡಿಗೆ 600 ಟೆರಾಬೈಟ್ ಬರೆಯುವವರೆಗೆ ವಾರಂಟಿ ಕೊಡುವುದು ವಾಡಿಕೆ. ಮನೆಬಳಕೆಯಲ್ಲಿ ಅಷ್ಟನ್ನು ಮುಟ್ಟುವವರು ವಿರಳ. ಹೆಚ್ಚಿನ ಎಸ್‌ಎಸ್‌ಡಿಗಳು ಸವೆದು ಸಾಯುವುದಿಲ್ಲ, ಅವುಗಳ ನಿಯಂತ್ರಕ ಚಿಪ್ ಅಥವಾ ಫರ್ಮ್‌ವೇರ್ ಕೈಕೊಡುತ್ತದೆ. ಆಗ ಯಾವ ಸದ್ದೂ ಇಲ್ಲ, ಮುನ್ಸೂಚನೆಯೂ ಇಲ್ಲ. ನಿನ್ನೆ ಇದ್ದ ಡ್ರೈವ್ ಇಂದು ಬಯಾಸ್‌ನಲ್ಲೇ ಕಾಣಿಸುವುದಿಲ್ಲ. ಮಾಹಿತಿ ಮರಳಿ ಪಡೆಯುವ ದೃಷ್ಟಿಯಿಂದ ಇದು ಹಾರ್ಡ್ ಡಿಸ್ಕಿಗಿಂತ ಕಠಿಣ. ಜೊತೆಗೆ, ಅಳಿಸಿದ ಕಡತಗಳ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ‘ಟ್ರಿಮ್’ ಆದೇಶ ವಿಂಡೋಸ್ 7ರ ಕಾಲದಿಂದ ಬಳಕೆಯಲ್ಲಿದೆ. ಅದು ನಡೆದ ಮೇಲೆ ತಪ್ಪಾಗಿ ಅಳಿಸಿದ್ದನ್ನು ಮರಳಿ ಪಡೆಯುವ ಆಸೆ ಬಹುಮಟ್ಟಿಗೆ ಮುಗಿದಂತೆ.

ಮುನ್ಸೂಚನೆಗಳು

ಕಟ್, ಕಟ್ ಎಂದು ಒಂದೇ ಲಯದಲ್ಲಿ ಬರುವ ಸದ್ದು ಎಲ್ಲಕ್ಕಿಂತ ಕೆಟ್ಟ ಸೂಚನೆ: ಹೆಡ್ ತನ್ನ ಜಾಗ ಸಿಗದೆ ಹಿಂದೆ ಹೋಗಿ ಮತ್ತೆ ಪ್ರಯತ್ನಿಸುತ್ತಿದೆ ಎಂದರ್ಥ. ಒಂದು ಫೋಲ್ಡರ್ ತೆರೆಯಲು ಅರ್ಧ ನಿಮಿಷ, ಒಂದು ಕಡತ ನಕಲಾಗುವಾಗ ಶೇಕಡಾ 40ಕ್ಕೆ ಬಂದು ನಿಂತುಬಿಡುವುದು, ಗಣಕ ಆಗಾಗ ನೀಲಿ ಪರದೆ ತೋರಿಸುವುದು, ಪ್ರತಿ ಸಲ ಆನ್ ಮಾಡಿದಾಗಲೂ ಡಿಸ್ಕ್ ತಪಾಸಣೆ ತಾನಾಗಿ ಶುರುವಾಗುವುದು ನಿಧಾನದ ಸೂಚನೆಗಳು. ಇಂಥ ಗಣಕವನ್ನು ‘ವೈರಸ್ ಬಂದಿದೆ’ ಎಂದು ಅಂಗಡಿಗೆ ಕೊಡುವುದು, ಅಂಗಡಿಯವರು ಅದನ್ನು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿ ಕೊಡುವುದು, ತಿಂಗಳೊಳಗೆ ಮತ್ತೆ ಅದೇ ತೊಂದರೆ ಬರುವುದು ನಮ್ಮ ಊರುಗಳಲ್ಲಿ ತೀರ ಸಾಮಾನ್ಯ.

ಡಿಸ್ಕುಗಳೊಳಗೆ ತಮ್ಮ ಆರೋಗ್ಯವನ್ನು ತಾವೇ ದಾಖಲಿಸುವ ‘ಸ್ಮಾರ್ಟ್’ ಎಂಬ ವ್ಯವಸ್ಥೆ 1990ರ ದಶಕದಿಂದ ಇದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಎಂಬ ಉಚಿತ ತಂತ್ರಾಂಶಗಳಿಂದ ಅದನ್ನು ಓದಬಹುದು. ಉದ್ದ ಪಟ್ಟಿಯಲ್ಲಿ ನೋಡಬೇಕಾದವು ನಾಲ್ಕೈದು ಸಾಲು ಮಾತ್ರ. 5ನೆಯದು ಈಗಾಗಲೇ ಬದಲಿಸಿದ ಸೆಕ್ಟರುಗಳ ಸಂಖ್ಯೆ. 187 ಮತ್ತು 198 ಸರಿಪಡಿಸಲಾಗದ ದೋಷಗಳವು. 197 ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳದು. ಇವು ಸೊನ್ನೆಯಿಂದ ಏರತೊಡಗಿದರೆ ಡಿಸ್ಕನ್ನು ನಂಬುವಂತಿಲ್ಲ. ಮಾಹಿತಿ ಸಾಗಣೆಯ ದೋಷಗಳನ್ನು ಎಣಿಸುವ 199 ಮಾತ್ರ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್ಲಿನದು. ಡಿಸ್ಕ್ ಬದಲಿಸುವ ಮೊದಲು ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಹೊಸದೊಂದನ್ನು ಹಾಕಿ ನೋಡುವುದು ಜಾಣತನ.

ಈ ಅಂಕಿಗಳ ಮಿತಿಯೂ ಗೊತ್ತಿರಬೇಕು. ಗೂಗಲ್ ಸಂಶೋಧಕರು ತಮ್ಮ ಕೇಂದ್ರಗಳ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಅಂಥ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಅದೇ ಪ್ರಬಂಧದ ಪ್ರಕಾರ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಪ್ರಬಲ ಸೂಚಕಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದವು. ಹಾಗಾಗಿ ಸ್ಮಾರ್ಟ್ ‘ಕೆಟ್ಟಿದೆ’ ಎಂದರೆ ನಂಬಬೇಕು, ‘ಚೆನ್ನಾಗಿದೆ’ ಎಂದರೆ ನೆಚ್ಚಿಕೊಳ್ಳಬಾರದು.

ನಕಲು

ಅನುಮಾನ ಬಂದ ಕ್ಷಣದಿಂದ ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯಬಾರದು. ವಿಂಡೋಸ್‌ನ ಡಿಸ್ಕ್ ತಪಾಸಣೆ ಓಡಿಸುವುದು, ಡಿಫ್ರಾಗ್ ಮಾಡುವುದು, ಅದೇ ಡಿಸ್ಕಿನ ಮೇಲೆ ವಿಂಡೋಸ್ ಮತ್ತೆ ಹಾಕುವುದು, ಮರಳಿ ಪಡೆಯುವ ತಂತ್ರಾಂಶವನ್ನು ಅದರಲ್ಲೇ ಇನ್‌ಸ್ಟಾಲ್ ಮಾಡುವುದು, ಇವೆಲ್ಲ ಸದುದ್ದೇಶದಿಂದ ನಡೆಯುವ ಹಾನಿ. ಡಿಸ್ಕ್ ತಪಾಸಣೆಯ ಕೆಲಸ ಕಡತ ವ್ಯವಸ್ಥೆಯನ್ನು ಒಪ್ಪವಾಗಿಡುವುದು, ನಿಮ್ಮ ಕಡತವನ್ನು ಕಾಯುವುದಲ್ಲ. ಓದಲಾಗದ ತುಂಡುಗಳನ್ನು ಕತ್ತರಿಸಿ ಹಾಕಲು ಅದು ಹಿಂಜರಿಯುವುದಿಲ್ಲ.

ಡಿಸ್ಕ್ ಇನ್ನೂ ಓದಲು ಬರುತ್ತಿದ್ದರೆ ಮತ್ತೊಮ್ಮೆ ಸಿಗದಂಥವನ್ನು ಮೊದಲು ಹೊರಗಿನ ಡ್ರೈವಿಗೆ ಎತ್ತಿಟ್ಟುಕೊಳ್ಳಬೇಕು. ಸಿನಿಮಾ, ಇನ್‌ಸ್ಟಾಲ್ ಮಾಡಿದ ತಂತ್ರಾಂಶಗಳು ಹೋದರೆ ಹೋಗಲಿ. ಎಲ್ಲ ಕಡತಗಳೂ ‘ಡಾಕ್ಯುಮೆಂಟ್ಸ್’ ಫೋಲ್ಡರಿನಲ್ಲಿ ಇರುವುದಿಲ್ಲ ಎಂಬುದು ನೆನಪಿರಲಿ. ಟ್ಯಾಲಿಯ ಲೆಕ್ಕ ಅದರದೇ ಡೇಟಾ ಫೋಲ್ಡರಿನಲ್ಲಿರುತ್ತದೆ, ಔಟ್‌ಲುಕ್‌ನ ಅಂಚೆ ಬೇರೆ ಕಡತದಲ್ಲಿರುತ್ತದೆ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಇನ್ನೆಲ್ಲೋ. ಡೆಸ್ಕ್‌ಟಾಪಿನ ಮೇಲೆ ಬಿಟ್ಟದ್ದೂ ಡಿಸ್ಕಿನಲ್ಲೇ ಇರುತ್ತದೆ ಎಂಬುದನ್ನು ಮರೆತು ಅದನ್ನು ಕಳೆದುಕೊಂಡವರು ಬಹಳ.

ಸೆಕ್ಟರುಗಳು ಅಲ್ಲಲ್ಲಿ ಕೆಟ್ಟಿರುವ ಡಿಸ್ಕಿನಿಂದ ಪೂರ್ತಿ ಪ್ರತಿ ತೆಗೆಯಲು ಗ್ನೂ ಯೋಜನೆಯ ಡಿಡಿರೆಸ್ಕ್ಯೂ ಬಹಳ ಒಳ್ಳೆಯ ಸಾಧನ. ಅದರ ವಿವೇಕ ಇರುವುದು ಓದುವ ಕ್ರಮದಲ್ಲಿ. ಸಾಮಾನ್ಯ ನಕಲು ಕೆಟ್ಟ ಜಾಗ ಸಿಕ್ಕಿದಲ್ಲೇ ನಿಂತು ತಿಣುಕುತ್ತದೆ, ಅಷ್ಟರಲ್ಲಿ ಡಿಸ್ಕ್ ಪೂರ್ತಿ ಕೈಬಿಡಬಹುದು. ಡಿಡಿರೆಸ್ಕ್ಯೂ ಕೆಟ್ಟ ಜಾಗವನ್ನು ಗುರುತು ಹಾಕಿ ದಾಟಿಹೋಗಿ, ಸಲೀಸಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಆಮೇಲೆ ತಿರುಗಿ ಬಂದು ಬಿಟ್ಟ ಜಾಗಗಳ ಅಂಚುಗಳನ್ನು, ಕೊನೆಗೆ ಒಳಭಾಗವನ್ನು ಯತ್ನಿಸುತ್ತದೆ. ಎಲ್ಲಿಯವರೆಗೆ ಆಯಿತೆಂಬ ನಕ್ಷೆಯನ್ನು ಬೇರೆ ಕಡತದಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಹೀಗೆ ಸಿಕ್ಕ ಪ್ರತಿಯ ಮೇಲೆ ಟೆಸ್ಟ್‌ಡಿಸ್ಕ್, ಫೋಟೊರೆಕ್‌ನಂಥ ಉಚಿತ ತಂತ್ರಾಂಶಗಳನ್ನು ನಿರ್ಭಯವಾಗಿ ಓಡಿಸಬಹುದು, ಮೂಲ ಡಿಸ್ಕಿಗೆ ಮತ್ತೆ ಕೈಹಚ್ಚಬೇಕಾಗಿಲ್ಲ. ಆದರೆ ಡಿಡಿರೆಸ್ಕ್ಯೂದಲ್ಲಿ ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಅದಲುಬದಲು ಮಾಡಿದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ನಕಲಾಗಿಬಿಡುತ್ತದೆ. ಎಂಟರ್ ಒತ್ತುವ ಮೊದಲು ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನು ಹೋಲಿಸಿ ನೋಡಬೇಕು.

ಕಟಕಟ ಸದ್ದು ಮಾಡುವ, ತಿರುಗದಿರುವ, ನೀರಿಗೆ ಬಿದ್ದ ಡಿಸ್ಕಿಗೆ ಮನೆಮದ್ದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ತೇವ ಒಳಗೆ ಕಟ್ಟಿ ಹಾನಿ ಹೆಚ್ಚುತ್ತದೆ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ಹಾಕುವ ಉಪಾಯ ಹಿಂದೆ ಕೆಲವೊಮ್ಮೆ ಫಲಿಸುತ್ತಿತ್ತು. ಈಗಿನ ಡಿಸ್ಕುಗಳಲ್ಲಿ ಪ್ರತಿಯೊಂದರ ಹೊಂದಾಣಿಕೆಯ ವಿವರ ಅದರದೇ ಬೋರ್ಡಿನ ಚಿಪ್ಪಿನಲ್ಲಿರುವುದರಿಂದ ಆ ಚಿಪ್ಪಿನ ಮಾಹಿತಿಯನ್ನೂ ವರ್ಗಾಯಿಸದೆ ಫಲವಿಲ್ಲ. ಧೂಳಿಲ್ಲದ ಕೋಣೆಯಿರುವ ಮಾಹಿತಿ ಮರುಪಡೆಯುವ ಪ್ರಯೋಗಾಲಯಗಳು ಬೆಂಗಳೂರಿನಲ್ಲೂ ಇವೆ. ಶುಲ್ಕ ಹೊಸ ಡಿಸ್ಕಿನ ಬೆಲೆಗಿಂತ ಹಲವು ಪಟ್ಟು ಹೆಚ್ಚು.

ಪ್ರಯೋಗಾಲಯಗಳಿಂದ ಏನು ಸಾಧ್ಯ ಎಂಬುದಕ್ಕೆ ಕೊಲಂಬಿಯಾ ನೌಕೆಯ ಡಿಸ್ಕ್ ದೊಡ್ಡ ಸಾಕ್ಷಿ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಗಗನಯಾತ್ರಿಗಳಿದ್ದ ಆ ನೌಕೆ ಟೆಕ್ಸಾಸಿನ ಆಕಾಶದಲ್ಲಿ ಒಡೆದುಹೋಯಿತು. ಕ್ಸೆನಾನ್ ಅನಿಲದ ಸ್ನಿಗ್ಧತೆಯ ಪ್ರಯೋಗದ ದಾಖಲೆಯಿದ್ದ ಒಂದು ಸೀಗೇಟ್ ಡಿಸ್ಕ್ ಸುಮಾರು ಆರು ತಿಂಗಳ ನಂತರ ಒಣಗಿದ ಕೆರೆಯಂಗಳದಲ್ಲಿ ಸಿಕ್ಕಿತು. ಹೊರಮೈ ಸುಟ್ಟು ಕರಗಿತ್ತು, ಒಳಗೆ ಧೂಳು ಸೇರಿತ್ತು. ಅಮೆರಿಕದ ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯ ತಜ್ಞರು ತಟ್ಟೆಗಳನ್ನು ತೊಳೆದು ಬೇರೊಂದು ಡಿಸ್ಕಿನ ಒಡಲಲ್ಲಿ ಕೂರಿಸಿ ಸುಮಾರು ಶೇಕಡಾ 99ರಷ್ಟು ಮಾಹಿತಿಯನ್ನು ಹೊರತೆಗೆದರು. ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಬೀಳುವ ಮುನ್ನ ಮಾಹಿತಿ ಬರೆದ ಭಾಗಕ್ಕೆ ಪೆಟ್ಟಾಗದಿದ್ದುದು ನೆರವಾಯಿತು.

ಹೊಸ ಸಾಧನದ ಆಯ್ಕೆ

ಗಣಕದಲ್ಲಿ ಯಾವ ಬಗೆಯ ಜೋಡಣೆ ಇದೆ ಎಂಬುದು ಮೊದಲು ಗೊತ್ತಾಗಬೇಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ 2.5 ಅಂಗುಲದ ಸಾಟಾ ಜಾಗ ಇರುತ್ತದೆ. ಹೊಸವುಗಳಲ್ಲಿ ಎಂ.2 ಎಂಬ ಸಪೂರ ಸ್ಲಾಟ್. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದರಲ್ಲಿ ಸಾಟಾ ಬಗೆಯದೂ ಇದೆ, ಎನ್‌ವಿಎಂಇ ಬಗೆಯದೂ ಇದೆ. ನೋಡಲು ಬಹುತೇಕ ಒಂದೇ ಥರ, ಒಂದರ ಸ್ಲಾಟಿನಲ್ಲಿ ಇನ್ನೊಂದು ನಡೆಯದಿರಬಹುದು. ಮದರ್‌ಬೋರ್ಡಿನ ಕೈಪಿಡಿ ನೋಡದೆ ಕೊಂಡು ವಾಪಸ್ ಕೊಡಲು ಅಲೆಯುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ, ಆಪಲ್‌ನ ಈಚಿನ ಮ್ಯಾಕ್‌ಬುಕ್‌ಗಳಲ್ಲಿ ಸಂಗ್ರಹದ ಚಿಪ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಅಂಥವುಗಳಲ್ಲಿ ಬದಲಿಸಲು ಏನೂ ಇಲ್ಲ, ಕೊಳ್ಳುವಾಗಲೇ ಸಾಕಷ್ಟು ದೊಡ್ಡದನ್ನು ಕೊಳ್ಳಬೇಕು.

ವೇಗದ ಲೆಕ್ಕ ಹೀಗಿದೆ. 7200 ಸುತ್ತಿನ ಡಿಸ್ಕಿನಲ್ಲಿ ಬೇಕಾದ ಸೆಕ್ಟರ್ ಹೆಡ್ಡಿನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯಬೇಕು, ಹೆಡ್ ಚಲಿಸುವ ಹೊತ್ತು ಬೇರೆ. ಎಸ್‌ಎಸ್‌ಡಿಗೆ ಬೇಕಾಗುವುದು ಸುಮಾರು 0.1 ಮಿಲಿಸೆಕೆಂಡ್. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಅಲ್ಲಲ್ಲಿಂದ ಓದಬೇಕಾಗಿರುವುದರಿಂದ ಈ ವ್ಯತ್ಯಾಸ ಗುಣಿಸಿಕೊಂಡು ನಿಮಿಷಗಳಾಗುತ್ತದೆ. ಹತ್ತು ವರ್ಷದ ಗಣಕ ಎಸ್‌ಎಸ್‌ಡಿ ಹಾಕಿದೊಡನೆ ಚುರುಕಾಗುವುದಕ್ಕೆ ಇದೇ ಕಾರಣ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್, ಪಿಸಿಐ ಎಕ್ಸ್‌ಪ್ರೆಸ್ ಮೂರನೆಯ ಪೀಳಿಗೆಯ ಎನ್‌ವಿಎಂಇ ಸುಮಾರು 3500 ಮೆಗಾಬೈಟ್ ಓದುತ್ತದೆ. ಆದರೂ ಬರವಣಿಗೆ, ಲೆಕ್ಕ, ಜಾಲಾಟದ ಕೆಲಸಕ್ಕೆ ಈ ಎರಡನೆಯ ಜಿಗಿತ ಅಷ್ಟಾಗಿ ಕಾಣಿಸುವುದಿಲ್ಲ. ಸಾಟಾ ಮಾತ್ರ ಇರುವ ಗಣಕದವರು ಕೊರಗಬೇಕಾಗಿಲ್ಲ.

ಬಹಳಷ್ಟು ವಿಡಿಯೊ, ಫೋಟೊ ಕೂಡಿಡುವವರಿಗೆ ಇಂದಿಗೂ ಹಾರ್ಡ್ ಡಿಸ್ಕೇ ಲಾಭ. ಪಥಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಬಗೆಯವು ಅಗ್ಗ, ಆದರೆ ಮತ್ತೆ ಮತ್ತೆ ಬರೆಯುವಾಗ ನಿಧಾನ. ಹಲವು ಡಿಸ್ಕುಗಳನ್ನು ಜಾಲದ ಮೂಲಕ ಹಂಚುವ ನ್ಯಾಸ್ ಪೆಟ್ಟಿಗೆಗೆ ಅವನ್ನು ಹಾಕಬಾರದು. ಇದನ್ನು ತಿಳಿಸದೆ ಮಾರಿದ್ದಕ್ಕೆ 2020ರಲ್ಲಿ ದೊಡ್ಡ ವಿವಾದವೇ ನಡೆಯಿತು. ಒಂದು ಟೆರಾಬೈಟ್ ಎಂದು ಬರೆದ ಡಿಸ್ಕ್ ವಿಂಡೋಸ್‌ನಲ್ಲಿ 931 ಗಿಗಾಬೈಟ್ ಎಂದು ಕಾಣುವುದು ಮೋಸವಲ್ಲ, ಎರಡು ಬಗೆಯ ಎಣಿಕೆ. ನಿಜವಾದ ಮೋಸ ಬೇರೆ ಇದೆ: ತೀರ ಅಗ್ಗಕ್ಕೆ ಸಿಗುವ ‘16 ಟೆರಾಬೈಟ್’ ಹೊರ ಡ್ರೈವುಗಳೊಳಗೆ ಸಣ್ಣ ಮೆಮೊರಿ ಕಾರ್ಡು ಇಟ್ಟು, ಗಾತ್ರವನ್ನು ಸುಳ್ಳಾಗಿ ತೋರಿಸುವಂತೆ ಮಾಡಿರುತ್ತಾರೆ. ಪೂರ್ತಿ ತುಂಬಿಸಿ ಮರಳಿ ಓದಿ ನೋಡುವ ಎಚ್2ಟೆಸ್ಟ್‌ಡಬ್ಲ್ಯೂ ತಂತ್ರಾಂಶದಿಂದ ಇದು ಬಯಲಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಾಗಲಿ ಆನ್‌ಲೈನಿನಲ್ಲಾಗಲಿ, ಸೀರಿಯಲ್ ಸಂಖ್ಯೆ ನಮೂದಿಸಿದ ಬಿಲ್ ಪಡೆದು ಕಂಪನಿಯ ಜಾಲತಾಣದಲ್ಲಿ ವಾರಂಟಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಕೂರಿಸುವುದು

ಹಳೆಯ ಡಿಸ್ಕಿನ ಪೂರ್ತಿ ಪ್ರತಿಯನ್ನು ಹೊಸದಕ್ಕೆ ಕ್ಲೋನ್ ಮಾಡುವುದು ಒಂದು ದಾರಿ, ಹೊಸದರಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಹೊಸದಾಗಿ ಹಾಕಿ ಕಡತಗಳನ್ನಷ್ಟೇ ತರುವುದು ಇನ್ನೊಂದು. ಹಳೆಯ ಡಿಸ್ಕ್ ಆರೋಗ್ಯವಾಗಿದ್ದು ಗಾತ್ರ ಹೆಚ್ಚಿಸುವುದಷ್ಟೇ ಉದ್ದೇಶವಾದರೆ ಕ್ಲೋನ್ ಸುಲಭ; ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶ ಸಾಕು. ಕೆಟ್ಟ ಡಿಸ್ಕಿನಿಂದ ಕ್ಲೋನ್ ಮಾಡಿದರೆ ತುಂಡಾದ ಸಿಸ್ಟಂ ಕಡತಗಳೂ ಜೊತೆಗೆ ಬರುತ್ತವೆ. ಅಲ್ಲಿ ಹೊಸದಾಗಿ ಹಾಕುವುದೇ ಲೇಸು.

ಕೇಸು ಬಿಚ್ಚುವ ಮೊದಲು ವಿದ್ಯುತ್ ತಂತಿ ತೆಗೆದು, ಲ್ಯಾಪ್‌ಟಾಪಾದರೆ ಬ್ಯಾಟರಿಯ ಕೊಂಡಿಯನ್ನೂ ಬಿಡಿಸಿ, ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳಬೇಕು. ಎಂ.2 ಡ್ರೈವನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಒತ್ತಿ ಮಲಗಿಸಿ ತುದಿಯ ಸ್ಕ್ರೂ ಬಿಗಿಯಬೇಕು. ಆ ಸ್ಕ್ರೂ ಬಹಳ ಚಿಕ್ಕದು, ಕೆಲವು ಬೋರ್ಡುಗಳ ಜೊತೆ ಬಂದಿರುವುದೂ ಇಲ್ಲ.

ತೊಡಕು ಬರುವುದು ಆಮೇಲೆ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿರುವ ವಿಂಡೋಸ್‌ನಲ್ಲಿ 48 ಅಂಕಿಗಳ ರಿಕವರಿ ಕೀ ಇಲ್ಲದೆ ಹಳೆಯ ಡಿಸ್ಕ್ ಬೇರೆ ಗಣಕದಲ್ಲಿ ತೆರೆಯುವುದಿಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಗೂಢಲಿಪಿ ಬಳಕೆದಾರರಿಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದಾದ್ದರಿಂದ ಗಣಕ ಚೆನ್ನಾಗಿರುವಾಗಲೇ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. 2 ಟೆರಾಬೈಟಿಗಿಂತ ದೊಡ್ಡ ಡಿಸ್ಕಿಗೆ ಹಳೆಯ ಎಂಬಿಆರ್ ಬದಲು ಜಿಪಿಟಿ ಪಾರ್ಟಿಷನ್ ಬೇಕು. ಇಂಟೆಲ್‌ನ 11ನೇ ಪೀಳಿಗೆ ಮತ್ತು ಆಮೇಲಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಹಾಕಲು ಹೋದರೆ ಹೊಸ ಡ್ರೈವೇ ಕಾಣಿಸುವುದಿಲ್ಲ. ಡ್ರೈವ್ ಕೆಟ್ಟಿರುವುದಿಲ್ಲ, ವಿಎಂಡಿ ಎಂಬ ಇಂಟೆಲ್‌ನ ಸಂಗ್ರಹ ವ್ಯವಸ್ಥೆಯ ಡ್ರೈವರ್ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಕೊಡಬೇಕಾಗುತ್ತದೆ. ಕ್ಲೋನ್ ಮಾಡಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಹಳೆಯ ಡಿಸ್ಕನ್ನು ಕಳಚಿಟ್ಟಿರಬೇಕು. ಒಂದೇ ಗುರುತಿನ ಎರಡು ಡಿಸ್ಕ್ ಕಂಡರೆ ವಿಂಡೋಸ್ ಗೊಂದಲಗೊಳ್ಳುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಎಚ್ಚರ ಬೇಕು. ಯೂನಿಕೋಡ್ ನೆಲೆಗೊಳ್ಳುವ ಮುನ್ನ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಆಯಾ ಫಾಂಟ್ ಇಲ್ಲದ ಹೊಸ ವ್ಯವಸ್ಥೆಯಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ತೆರೆದುಕೊಳ್ಳುತ್ತವೆ. ಕಡತ ಹಾಳಾಗಿದೆಯೆಂದು ತಿಳಿದು ಅಳಿಸಿಬಿಟ್ಟವರೂ ಇದ್ದಾರೆ. ಹಳೆಯ ಡಿಸ್ಕಿನ ಫಾಂಟುಗಳ ಫೋಲ್ಡರನ್ನು ಕಡತಗಳ ಜೊತೆಗೇ ನಕಲು ಮಾಡಿಕೊಂಡು, ಸಾಧ್ಯವಾದಾಗ ಪರಿವರ್ತಕಗಳಿಂದ ಯೂನಿಕೋಡಿಗೆ ಬದಲಿಸಿಕೊಳ್ಳುವುದು ಸರಿಯಾದ ದಾರಿ. ಸಣ್ಣ ಪತ್ರಿಕೆಗಳ, ಮುದ್ರಣಾಲಯಗಳ, ಲೇಖಕರ ಎರಡು ದಶಕಗಳ ಬರವಣಿಗೆ ಇನ್ನೂ ಆ ರೂಪದಲ್ಲೇ ಇದೆ.

ಹಳೆಯ ಡಿಸ್ಕ್

ತೆಗೆದ ಡಿಸ್ಕನ್ನು ಕೂಡಲೇ ಮಾರಬಾರದು, ಅಳಿಸಲೂಬಾರದು. ಹೊಸದರಲ್ಲಿ ಮುಖ್ಯ ಕಡತಗಳನ್ನು ತೆರೆದು ನೋಡಿ, ಅವುಗಳ ಇನ್ನೊಂದು ಪ್ರತಿ ಹೊರಗಿನ ಡ್ರೈವಿನಲ್ಲೋ ಕ್ಲೌಡಿನಲ್ಲೋ ಇರುವುದು ಖಚಿತವಾಗುವವರೆಗೆ ಅದು ಬೀರುವಿನಲ್ಲಿರಲಿ. ವಾರಂಟಿಯಲ್ಲಿ ಬದಲಿಗೆ ಕಳಿಸಿದ ಡಿಸ್ಕ್ ಮಾಹಿತಿಸಮೇತ ಹೋಗುತ್ತದೆ, ಮರಳುವುದಿಲ್ಲ. ಬ್ಯಾಂಕಿನ ಕಾಗದಪತ್ರ, ಆಧಾರ್ ಪ್ರತಿ ಇರುವ ಡಿಸ್ಕನ್ನು ಕಳಿಸುವ ಮೊದಲು ಯೋಚಿಸಬೇಕು. ವಿಲೇವಾರಿಗೆ ಮುನ್ನ ಹಾರ್ಡ್ ಡಿಸ್ಕನ್ನು ಒಮ್ಮೆ ಪೂರ್ತಿ ಸೊನ್ನೆಗಳಿಂದ ತುಂಬಿದರೆ ಮನೆಬಳಕೆಗೆ ಸಾಕು, ಮೂವತ್ತೈದು ಸಲ ಬರೆಯಬೇಕೆಂಬುದು ಹಳೆಯ ಕಾಲದ ಮಾತು. ಎಸ್‌ಎಸ್‌ಡಿಗೆ ಈ ವಿಧಾನ ಹೊಂದುವುದಿಲ್ಲ, ಅದರ ತಯಾರಕರ ‘ಸೆಕ್ಯೂರ್ ಇರೇಸ್’ ಬಳಸಬೇಕು. ಓಡದ ಹಾರ್ಡ್ ಡಿಸ್ಕಾದರೆ ಬಿಚ್ಚಿ ತಟ್ಟೆಗಳನ್ನೇ ಹಾಳುಮಾಡಬೇಕು, ಎಸ್‌ಎಸ್‌ಡಿಯಾದರೆ ಚಿಪ್ಪುಗಳನ್ನೇ ಒಡೆಯಬೇಕು. ಆಮೇಲೆ ಅದನ್ನು ಗುಜರಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. ದೇಶದಲ್ಲಿ ಇದಕ್ಕೆ 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ಈ ಕ್ಷೇತ್ರದಲ್ಲಿ ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಘಟಕಗಳಲ್ಲಿ ಒಂದಾದ ಇ-ಪರಿಸರ ಇರುವುದು ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ.